ಟಾನ್ಸಿಲ್ ತೆಗೆಸಿದ ಮಗುವಿಗೆ ಕಷಾಯ ಬೇಡ

ನಮ್ಮ ಮೊಮ್ಮಗನಿಗೆ ಟಾನ್ಸಿಲ್ ಆಪರೇಷನ್ ಆದಾಗ ಆರು ವರ್ಷ. ಹನುಮಂತನಗರದ ಮನೆಗೆ ಕರೆತಂದ ದಿನವೇ ನಾನೊಂದು ತಪ್ಪು ಮಾಡಿದೆ. ಗಂಟಲು ನೋವು ಅಂದ ತಕ್ಷಣ ಕೈ ತಾನಾಗಿ ಮೆಣಸಿನ ಡಬ್ಬಿಗೆ ಹೋಯಿತು. ಕಷಾಯ ಒಂದು ಗುಟುಕು ಇಳಿದಿದ್ದೇ ತಡ, ಹುಡುಗ ಕಿರುಚಿಕೊಂಡ. ಆಮೇಲೆ ರಾತ್ರಿವರೆಗೂ ಲೋಟ ಕಂಡರೆ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಶೀತದ ಗಂಟಲು ಬೇರೆ, ಹಸಿ ಗಾಯದ ಗಂಟಲು ಬೇರೆ, ಅಲ್ವಾ? ಮೆಣಸು, ಶುಂಠಿ, ನಿಂಬೆಹಣ್ಣು, ಹುಳಿ ಮಜ್ಜಿಗೆ ಎಲ್ಲ ಉರಿಯುತ್ತವೆ. ಗಳಗಳ ಬಾಯಿ ಮುಕ್ಕಳಿಸುವುದೂ ಬೇಡ.

ಇಲ್ಲಿ ದೊಡ್ಡ ಮನೆಮದ್ದು ನೀರು. ಗಂಟಲು ಒಣಗಿದಷ್ಟೂ ನೋವು ಜಾಸ್ತಿ, ನೋವು ಜಾಸ್ತಿಯಾದರೆ ಮಗು ಕುಡಿಯುವುದೇ ಇಲ್ಲ. ಎಚ್ಚರ ಇರುವಾಗ ಆಗಾಗ ಎರಡೆರಡು ಗುಟುಕು ಕುಡಿಸುತ್ತಿರಿ. ಎಳನೀರು, ತಣ್ಣನೆ ಹಾಲು, ಚೀಪಲು ಐಸ್ ಚೂರು, ಏನಾದರೂ ಸರಿ. ಶೀತ ಆಗುತ್ತೆ ಅಂತ ನನ್ನ ಓರಗಿತ್ತಿ ಗದರಿದಳು. ತಣ್ಣಗಿದ್ದರೆ ಗಾಯಕ್ಕೆ ಹಿತ, ಸುಮ್ನೆ ಕೊಡಿ. ಉಚ್ಚೆ ಕಡಿಮೆಯಾಗಿ ಗಾಢ ಹಳದಿ ಬಂದರೆ ನೀರು ಸಾಲುತ್ತಿಲ್ಲ ಅಂತ ತಿಳಿಯಿರಿ.

ಅವನಿಗೆ ಒಗ್ಗಿದ್ದು ರಾಗಿ ಗಂಜಿ. ಎರಡು ಚಮಚ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಕೈಯಾಡಿಸುತ್ತಾ ಕುದಿಸಿ. ಪೂರ್ತಿ ಆರಿದ ಮೇಲೆ ಮೇಲಿನ ಕೆನೆಪದರ ತೆಗೆದುಬಿಡಿ, ಅದು ಗಂಟಲಿಗೆ ಅಂಟುತ್ತದೆ. ಹಾಲು, ಬೆಲ್ಲ ಹಾಕಿ ಸೋಸಿ ಕೊಡಿ. ಒಂದು ಚಮಚ ಜೇನುತುಪ್ಪವೂ ಹಿತವೇ, ಆದರೆ ವರ್ಷ ತುಂಬದ ಕೂಸಿಗೆ ಬೇಡವೇ ಬೇಡ. ಕೋಡುಬಳೆ, ಚಿಪ್ಸ್ ಎರಡು ವಾರ ಅಟ್ಟದ ಮೇಲಿರಲಿ.

ಇದ್ಯಾವುದೂ ಡಾಕ್ಟರು ಬರೆದ ಪ್ಯಾರಾಸಿಟಮಾಲ್ ಸಿರಪ್‌ಗೆ ಬದಲಿಯಲ್ಲ. ಅಳುವವರೆಗೆ ಕಾಯದೆ, ಹೇಳಿದ ಹೊತ್ತಿಗೆ ಹೇಳಿದಷ್ಟೇ ಕೊಡಿ. ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಟ್ಟರೆ ನುಂಗಲು ಸಲೀಸು. ಆಸ್ಪಿರಿನ್ ಮಾತ್ರ ಕೊಡಬೇಡಿ.

ಐದನೇ ದಿನ ಅವನು ಕಿವಿ ಹಿಡಿದುಕೊಂಡು ಅತ್ತ. ಟಾರ್ಚ್ ಹಾಕಿ ನೋಡಿದರೆ ಗಂಟಲಲ್ಲಿ ಬೆಳ್ಳಗೆ ಪೊರೆ, ಬಾಯಲ್ಲಿ ವಾಸನೆ. ಕೀವು ಅಂದುಕೊಂಡು ನನ್ನ ಜೀವ ಬಾಯಿಗೆ ಬಂತು. ಅದು ಗಾಯ ಮಾಯುವ ಪೊರೆಯಂತೆ, ಗಂಟಲ ನೋವೇ ಕಿವಿಗೂ ಹರಿಯುತ್ತದಂತೆ. ಪೊರೆ ಉದುರುವ ಆ ದಿನಗಳಲ್ಲಿ ನೋವು ಮತ್ತೆ ಏರುವುದುಂಟು.

ರಕ್ತ ಕಾಣುವ ಭಯವೂ ಆಗಲೇ. ಕೆಂಪು ಜ್ಯೂಸ್ ಕೊಡಬೇಡಿ, ವಾಂತಿಯಾದರೆ ರಕ್ತವೋ ಬಣ್ಣವೋ ತಿಳಿಯುವುದಿಲ್ಲ. ಹಸಿ ರಕ್ತ ಉಗುಳಿದರೆ, ನಿದ್ದೆಯಲ್ಲಿ ಪದೇ ಪದೇ ನುಂಗುತ್ತಿದ್ದರೆ, ನಡುರಾತ್ರಿಯಾದರೂ ಸರಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108 ಕರೆಯಿರಿ.