ಮಳೆ ನಕ್ಷತ್ರದ ಜೊತೆ ಒತ್ತಕ್ಷರ: ನಲಿಕಲಿ ಕೋಣೆಯ ನನ್ನ ಅನುಭವ

"ಸಜಾತಿ ಒತ್ತಕ್ಷರವೇ ಸರಿಯಾಗಿ ಬರದ ಮಕ್ಕಳಿಗೆ ಆಶ್ಲೇಷಾ, ಪುನರ್ವಸು ಓದಿಸ್ತೀರಾ?" ಎಂದು ಕೇಳಿದವರೇ ಹೆಚ್ಚು (ಸಜಾತಿ ಎಂದರೆ 'ಬ್ಬ', 'ತ್ತ'ದಂತೆ ಅದೇ ಅಕ್ಷರದ ಒತ್ತು). 1ರಿಂದ 3ನೇ ತರಗತಿ ಒಟ್ಟಿಗೆ ಕೂತು ಕಾರ್ಡುಗಳ ಮೂಲಕ ಕಲಿಯುವ ನಲಿಕಲಿ ಕೋಣೆಯಲ್ಲಿ ನಾನು ಮಳೆ ನಕ್ಷತ್ರಗಳ ಹೆಸರನ್ನೇ ಓದಿನ ಕಾರ್ಡು ಮಾಡಿದ್ದೇನೆ. ಈಗ ಅವರಲ್ಲಿ ಕೆಲವರು ಕಾರ್ಡುಗಳ ನಕಲು ಕೇಳುತ್ತಿದ್ದಾರೆ. ತಟ್ಟೆ (ಬೇಕಾದ ಸಹಾಯಕ್ಕೆ ತಕ್ಕಂತೆ ಮಕ್ಕಳು ಕೂರುವ ಗುಂಪು), ಮೆಟ್ಟಿಲು (ಕಲಿಕೆಯ ಹಂತಗಳ ಸಾಲು), ಪ್ರಗತಿ ನೋಟ (ಮಗು ಮುಗಿಸಿದ ಹಂತ ಗುರುತಿಸುವ ಪಟ್ಟಿ) ಎಲ್ಲ ನಲಿಕಲಿ ಶಿಕ್ಷಕರಿಗೆ ಗೊತ್ತಿರುವುದೇ. ಅವುಗಳ ಮೇಲೆ ಈ ಮಳೆ ಓದನ್ನು ಹೇಗೆ ಕೂರಿಸಿದೆ ಎನ್ನುವುದನ್ನಷ್ಟೇ ಬರೆಯುತ್ತೇನೆ.

ಜೂನ್ 7-8ಕ್ಕೆ ಮೃಗಶಿರಾ ಮಳೆ ಹುಟ್ಟುತ್ತದೆ, ಅಕ್ಟೋಬರ್ 23-24ಕ್ಕೆ ಸ್ವಾತಿ. ಇವೆರಡೂ ಸೇರಿ ಒಟ್ಟು ಹನ್ನೊಂದು ಮಳೆ. ಒಂದೊಂದಕ್ಕೆ 13-14 ದಿನ, ರಜೆ ಕಳೆದರೆ ಹತ್ತು ಶಾಲಾ ದಿನ. ಒಂದು ಓದಿನ ಘಟಕಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಸಿಗುವುದಿಲ್ಲ. ಮೇಲಾಗಿ ಪ್ರತಿ ಹೆಸರಿನಲ್ಲೂ ಲಿಪಿಯ ಒಂದೊಂದು ಗಂಟು ಇದೆ. ಮೃಗಶಿರಾದಲ್ಲಿ ವಟ್ರಸುಳಿ (ಋ ಸ್ವರದ ಚಿಹ್ನೆ), ಆರಿದ್ರಾದಲ್ಲಿ ರ-ಒತ್ತು, ಪುನರ್ವಸುವಿನಲ್ಲಿ ಅರ್ಕಾವತ್ತು, ಪುಷ್ಯದಲ್ಲಿ ಯ-ಒತ್ತು, ಆಶ್ಲೇಷಾದಲ್ಲಿ ಲ-ಒತ್ತು, ಮಘಾದಲ್ಲಿ ಮಹಾಪ್ರಾಣ. ಆಮೇಲೆ ಹುಬ್ಬೆ, ಉತ್ತರೆ, ಚಿತ್ತೆಯಲ್ಲಿ ಸಜಾತಿ, ಹಸ್ತ ಮತ್ತು ಸ್ವಾತಿಯಲ್ಲಿ ವಿಜಾತಿ, ಅಂದರೆ ಬೇರೆ ಅಕ್ಷರದ ಒತ್ತು.

ಕಷ್ಟದ್ದು ಮೊದಲು, ಸುಲಭದ್ದು ಆಮೇಲೆ ಬರುತ್ತದೆ ಎಂಬ ಆಕ್ಷೇಪಣೆ ನಿಜವೇ. ಮೂರು ತರಗತಿ ಒಟ್ಟಿಗೆ ಕೂರುವ ಕೋಣೆಯಲ್ಲಿ ಅದಕ್ಕೆ ದಾರಿ ಇದೆ. ಜೂನ್-ಜುಲೈಯಲ್ಲಿ ಪುಸ್ತಕರೂಪದ ಹೆಸರು 3ನೇ ತರಗತಿಗೆ ಮಾತ್ರ. 2ನೇ ತರಗತಿಗೆ ಆಡುಮಾತಿನ ರೂಪ. ಮೃಗಶಿರಾದ ಆಡುರೂಪ 'ಮಿರುಗ' ಎಂಬುದರಲ್ಲಿ ಒತ್ತೇ ಇಲ್ಲ. 1ನೇ ತರಗತಿಗೆ ಅದು ಚಿತ್ರದ ಜೊತೆಗಿನ ಪದ ಅಷ್ಟೇ. ನಲಿಕಲಿಯ ಮೊದಲ ಅಕ್ಷರ ಗುಂಪುಗಳಾದ ರಗಸದಅ, ಜವಮಬನ ಮತ್ತು ಇ, ಉ ಕಾಗುಣಿತ ಮುಗಿದ ಮೇಲೆ ಅದೇ ಕಾರ್ಡು ವಾಪಸ್ ಬರುತ್ತದೆ, ಆಗ ಅವರೇ ಬಿಡಿಸಿ ಓದುತ್ತಾರೆ. ಆಗಸ್ಟ್ 30ರ ಹೊತ್ತಿಗೆ ಹುಬ್ಬೆ ಬರುವಾಗ 2ನೇ ತರಗತಿ ಸಜಾತಿಗೆ ಸಿದ್ಧವಾಗಿರುತ್ತದೆ. ಅಂದರೆ ನಕ್ಷತ್ರದ ಸಾಲು ಮುರಿಯಬೇಕಾಗಿಲ್ಲ, ಯಾವ ಗುಂಪಿಗೆ ಯಾವ ರೂಪ ಎನ್ನುವುದನ್ನು ಮೊದಲೇ ಗುರುತು ಹಾಕಿಟ್ಟುಕೊಂಡರೆ ಸಾಕು.

ಹೆಚ್ಚು ಸಮಯ ತಿನ್ನುವುದು ಪುನರ್ವಸು. ಬಾಯಲ್ಲಿ ರ್ ಮೊದಲು ಬರುತ್ತದೆ, ಬರೆಯುವಾಗ ವ ಆದ ಮೇಲೆ ಅರ್ಕಾವತ್ತು. ಮಕ್ಕಳು 'ಪುನವರಸು' ಎಂದೇ ಓದುತ್ತಾರೆ. ಹಲಗೆ ಮೇಲೆ ಎಷ್ಟು ತಿದ್ದಿದರೂ ಮಾರನೇ ದಿನ ಮತ್ತೆ ಅದೇ. ಕೆಲಸ ಮಾಡಿದ್ದು ಜಾರುಚೀಟಿ: ಪು, ನ, ವ, ಸು ನಾಲ್ಕು ಬಿಡಿ ಚೀಟಿ, ಅರ್ಕಾವತ್ತು ಮಾತ್ರ ಕೆಂಪು ಬಣ್ಣದ ಸಣ್ಣ ಚೀಟಿ. ಹೇಳುವಾಗ ಮಗು ಕೆಂಪು ಚೀಟಿಯನ್ನು ವ-ದ ಎಡಕ್ಕೆ ಇಟ್ಟು 'ರ್' ಎನ್ನಬೇಕು, ಬರೆಯುವ ಮೊದಲು ಅದನ್ನು ಬಲಕ್ಕೆ ಸರಿಸಬೇಕು. ಕೈ ಸರಿದಾಗ ವಿಷಯ ತಲೆಗೆ ಹೋಗುತ್ತದೆ. ಇದೇ ಚೀಟಿಯಲ್ಲಿ ಸೂರ್ಯ, ಪರ್ವತ, ವರ್ಷ ಮೂರೂ ಆಗುತ್ತವೆ. ಹಸ್ತವನ್ನು 'ಹತ್ಸ' ಎಂದು ಬರೆಯುವವರಿಗೆ ಬೇರೆ ಮದ್ದು: ಸ ಬರೆದ ಚೀಟಿಯ ಕೆಳಗೆ ತ-ಒತ್ತಿನ ಚೀಟಿ ಇಟ್ಟು, ಮೇಲಿನಿಂದ ಕೆಳಕ್ಕೆ ಬೆರಳು ಎಳೆದು ಓದಿಸುವುದು.

ಇನ್ನು ಗಾದೆ. 'ಆಶ್ಲೇಷ ಮಳೆ ಈಸಲಾರದ ಹೊಳೆ', 'ಸ್ವಾತಿ ಮಳೆ ಮುತ್ತಿನ ಬೆಳೆ', 'ಕುರುಡು ಚಿತ್ತೆ ಎರಚಿದತ್ತ ಬೆಳೆ'. ನಾಲ್ಕು ಪದ, ಒಂದೇ ಸಾಲು, ಪ್ರಾಸ. ಚಿಕ್ಕ ಮಕ್ಕಳಿಗೆ ಹೇಳಿ ಮಾಡಿಸಿದ ಓದು. ಆದರೆ ಪ್ರಾಸವೇ ಕೈಕೊಡುತ್ತದೆ. ಎರಡು ದಿನದಲ್ಲಿ ಬಾಯಿಪಾಠ ಆಗಿ, ಕಾರ್ಡು ತಲೆಕೆಳಗಾಗಿ ಹಿಡಿದರೂ ಮಗು ಸರಾಗ 'ಓದುತ್ತದೆ'. ಪ್ರಗತಿ ನೋಟದಲ್ಲಿ ಗುರುತು ಹಾಕಿಬಿಟ್ಟರೆ ಮುಗಿಯಿತು, ಆ ಮಗುವಿನ ಕಲಿಕೆ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಮೂರನೇ ದಿನ ಒಂದು ಪದ ಬದಲಿಸಿದ ಕಾರ್ಡು ಕೊಡಬೇಕು: 'ಆಶ್ಲೇಷ ಮಳೆ ದಾಟಲಾರದ ಹೊಳೆ'. ಬೆರಳಿಟ್ಟು ಓದುವವರು 'ದಾ' ಹತ್ತಿರ ತಡೆಯುತ್ತಾರೆ. ತಡೆಯದೆ 'ಈಸಲಾರದ' ಎಂದವರು ಇನ್ನೂ ಓದುತ್ತಿಲ್ಲ, ಅವರು ಮತ್ತೆ ಶಿಕ್ಷಕರ ಸಹಾಯದ ತಟ್ಟೆಗೆ. ಮನೆಯಿಂದ ಬೇರೆ ಪಾಠಾಂತರದ ಗಾದೆ ತಂದರೆ ತಿದ್ದಲು ಹೋಗಬೇಡಿ, ಎರಡನ್ನೂ ಅಕ್ಕಪಕ್ಕ ಬರೆದು ಓದಿಸಿ. ಯಾವ ಪದವನ್ನು ಬದಲಿಸಿದರೆ ಯಾವ ಮಗು ಸಿಕ್ಕಿಬೀಳುತ್ತದೆ ಎಂಬುದಕ್ಕೆ ನನ್ನದೊಂದು ಪಟ್ಟಿ ಇದೆ. ಅದನ್ನು ಇಲ್ಲಿ ಕೊಡುವುದಿಲ್ಲ. ನಿಮ್ಮ ಮಕ್ಕಳ ತಪ್ಪುಗಳಿಂದಲೇ ನಿಮ್ಮ ಪಟ್ಟಿ ಹುಟ್ಟಬೇಕು.

ಹವಾಮಾನ ನಕ್ಷೆ ಎಲ್ಲ ಕೋಣೆಯಲ್ಲೂ ಇದೆ, ಆದರೆ ಬಿಸಿಲು-ಮೋಡ-ಮಳೆ ಚಿತ್ರಕ್ಕೆ ಬಾಣ ತಿರುಗಿಸುವುದರಲ್ಲಿ ಓದು ಇಲ್ಲ. ಅದರ ಜೊತೆಗೆ ಮಳೆ ಮಾಪಕ ಇಟ್ಟರೆ ದಿನಕ್ಕೊಂದು ವಾಕ್ಯ ತಾನಾಗಿ ಹುಟ್ಟುತ್ತದೆ. ಎರಡು ಲೀಟರಿನ, ಮೈ ನೇರವಾಗಿರುವ ಬಾಟಲಿ ತೆಗೆದುಕೊಳ್ಳಿ. ಭುಜ ಶುರುವಾಗುವಲ್ಲಿ ಕತ್ತರಿಸಿ, ಮೇಲ್ಭಾಗವನ್ನು ತಲೆಕೆಳಗು ಮಾಡಿ ಆಲಿಕೆಯ ಹಾಗೆ ಕೂರಿಸಿ. ತಳದ ಉಬ್ಬುತಗ್ಗು ಅಳತೆ ಕೆಡಿಸುತ್ತದೆ. ಕಲ್ಲು ಹಾಕಿ ನೀರು ತುಂಬಿ ಸೊನ್ನೆ ಗೆರೆ ಮಾಡುವವರಿದ್ದಾರೆ. ಬಿಸಿಲು ಬಿದ್ದ ದಿನ ಆ ನೀರು ಆರಿ ಗೆರೆಗಿಂತ ಕೆಳಗೆ ಹೋಗುತ್ತದೆ, ಮರುದಿನದ ಲೆಕ್ಕ ತಪ್ಪುತ್ತದೆ. ತಳಕ್ಕೆ ಎರಡು ಮೂರು ಸೆಂ.ಮೀ. ಸಿಮೆಂಟ್ ಗಾರೆ ಹಾಕಿ ಮಟ್ಟ ಮಾಡಿದರೆ ಆ ತೊಂದರೆ ಇಲ್ಲ, ಗಾಳಿಗೆ ಬೀಳುವುದೂ ಇಲ್ಲ. ಹೊರಗೆ 15 ಸೆಂ.ಮೀ. ಪ್ಲಾಸ್ಟಿಕ್ ಸ್ಕೇಲ್ ಅಂಟಿಸುವಾಗ ಸ್ಕೇಲಿನ ಅಂಚನ್ನಲ್ಲ, ಅದರ 0 ಗೆರೆಯನ್ನು ಗಾರೆಯ ಮೇಲ್ಮಟ್ಟಕ್ಕೆ ಹೊಂದಿಸಿ. ಸ್ಕೇಲಿನ ತುದಿಯಲ್ಲಿ ಅರ್ಧ ಸೆಂ.ಮೀ. ಖಾಲಿ ಇರುತ್ತದೆ, ಅಲ್ಲೇ ಐದು ಮಿ.ಮೀ. ಕಳ್ಳತನ ಆಗುವುದು. ಬಾಟಲಿಯ ಬಾಯಿ ನೆಲದಿಂದ ಒಂದಡಿ ಮೇಲೆ, ಸೂರಿನಿಂದ, ಮರದಿಂದ ದೂರ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ. ನಮಗೆ ಪ್ರಾರ್ಥನೆಗೆ ಮೊದಲು ಆದೀತು, ದಿನವೂ ಅದೇ ಹೊತ್ತು ಆಗಬೇಕು ಅಷ್ಟೇ. ಸೋಮವಾರದ ಅಳತೆಯಲ್ಲಿ ಭಾನುವಾರದ್ದೂ ಸೇರಿರುತ್ತದೆ, ಅದಕ್ಕೆ ಬೇರೆ ಬಣ್ಣ.

ಒಳಗೆ ಬಂದ ಮೇಲೆ 1ನೇ ತರಗತಿಯವರು ನೀರಿನ ಎತ್ತರದಷ್ಟೇ ನೀಲಿ ಕಾಗದದ ಪಟ್ಟಿ ಕತ್ತರಿಸಿ ಅಂಟಿಸುತ್ತಾರೆ. ಹತ್ತು ಪಟ್ಟಿ ಅಕ್ಕಪಕ್ಕ ಬಂದರೆ ಅದೇ ಸ್ತಂಭಾಲೇಖ, ಹೆಸರು ಹೇಳುವ ಅಗತ್ಯವೂ ಇಲ್ಲ. 2ನೇ ತರಗತಿ ನೆಲಮಟ್ಟದ ಹಲಗೆಯಲ್ಲಿ 'ನಿನ್ನೆ 12 ಮಿ.ಮೀ. ಮಳೆ ಬಂತು' ಎಂದು ಬರೆಯುತ್ತದೆ. 3ನೇ ತರಗತಿ ಹಿಂದಿನ ಮಳೆಗೆ ಹೋಲಿಸಿ ಎರಡು ವಾಕ್ಯ. ಬಯಲುಸೀಮೆಯಲ್ಲಿ ಮಿರುಗ ಒಣಗಿಯೇ ಕಳೆದರೆ 'ಇಂದೂ ಮಳೆ ಇಲ್ಲ' ಎಂದು ನಾಲ್ಕು ದಿನ ಬರೆದು ಐದನೇ ದಿನ ಮಕ್ಕಳಿಗೆ ಬೇಸರ ಬರುತ್ತದೆ. ಆಗ ಪ್ರಶ್ನೆ ಬದಲಿಸಿ: ಗಾಳಿ ಯಾವ ಕಡೆಯಿಂದ, ಮೋಡ ಯಾವ ಬಣ್ಣ, ಇರುವೆ ಮೊಟ್ಟೆ ಹೊತ್ತು ಎತ್ತ ಹೊರಟಿತು.

ಶೀಟಿನ ಮಾಡು ಇದ್ದರೆ ಜೋರು ಮಳೆಯಲ್ಲಿ ಗಟ್ಟಿ ಓದು ನಡೆಯುವುದಿಲ್ಲ, ಗಂಟಲು ಹೋಗುತ್ತದೆ ಅಷ್ಟೇ. ಆ ಹೊತ್ತಿಗೆಂದೇ ಜೋಡಿ ಓದು: ಒಬ್ಬರು ಕಾರ್ಡಿನ ಮೇಲೆ ಬೆರಳಿಡುವುದು, ಇನ್ನೊಬ್ಬರು ಅದರಲ್ಲಿ ಹೇಳಿದಂತೆ ಮಾಡಿ ತೋರಿಸುವುದು. 'ಕೊಡೆ ಬಿಚ್ಚು', 'ಕೆಸರು ದಾಟು' ಎಂಬಂಥ ಕಾರ್ಡು. ಕರೆಂಟೂ ಹೋಗಿರುತ್ತದೆ, ಆದ್ದರಿಂದ ಅಕ್ಷರ ನಾಲ್ಕು ಸೆಂ.ಮೀ.ಗಿಂತ ಚಿಕ್ಕದಿರಬಾರದು.

ದುಡ್ಡು ಹಾಳಾಗುವುದು ತೇವದಿಂದ. ಸ್ಕೆಚ್ ಪೆನ್ನಿನಲ್ಲಿ ಬರೆದ ಕಾರ್ಡು ಒದ್ದೆ ಕೈ ತಗುಲಿದರೆ ಹರಡಿಹೋಗುತ್ತದೆ. ಮೇಣದ ಬಣ್ಣ, ಬಾಲ್ ಪೆನ್ನು ಉಳಿಯುತ್ತವೆ. ಮೈದಾ ಗೋಂದಿಗೆ ಆರಿದ್ರಾ ಕಳೆಯುವಷ್ಟರಲ್ಲಿ ಬೂಷ್ಟು, ಆಮೇಲೆ ಬೆಳ್ಳಿಹುಳು. ಚಪ್ಪರಕ್ಕೆ (ಮಕ್ಕಳ ಕೆಲಸ ತೂಗುಹಾಕಲು ತಲೆಯ ಮೇಲೆ ಕಟ್ಟಿದ ದಾರಗಳು) ಅಂಟಿಸಿದ್ದು ಉದುರುತ್ತದೆ, ಬಟ್ಟೆ ಕ್ಲಿಪ್ಪೇ ಸರಿ. ಲ್ಯಾಮಿನೇಶನ್ ಮಾಡಿಸಿ ಅಂಚನ್ನು ಕಾಗದದ ಮಟ್ಟಕ್ಕೆ ಕತ್ತರಿಸಿದರೆ ನೀರು ಒಳಗಿಳಿದು ಎಲ್ಲ ಬಿಚ್ಚಿಕೊಳ್ಳುತ್ತದೆ. ಸುತ್ತ ಮೂರು ನಾಲ್ಕು ಮಿ.ಮೀ. ಪ್ಲಾಸ್ಟಿಕ್ ಬಿಡಲೇಬೇಕು. ಒಂದು ಎ4 ಹಾಳೆಗೆ ನಾಲ್ಕು ಕಾರ್ಡು ಬರೆದು, ಮೊದಲು ಕತ್ತರಿಸಿ, ನಡುವೆ ಜಾಗ ಬಿಟ್ಟು ಪೌಚಿನೊಳಗೆ ಜೋಡಿಸಬೇಕು. ಹಳೆ ಮದುವೆ ಕಾರ್ಡಿನ ಖಾಲಿ ಬದಿ ದಪ್ಪ ಕಾಗದಕ್ಕೆ ಸಾಕು. ಇಪ್ಪತ್ತೈದು ಮಕ್ಕಳ ಕೋಣೆಗೆ ಮೊದಲ ವರ್ಷ ಏಳೆಂಟು ನೂರು ರೂಪಾಯಿ ಆಗಿರಬಹುದು, ಅದರಲ್ಲಿ ಅರ್ಧಕ್ಕೂ ಹೆಚ್ಚು ಪೌಚಿಗೆ. ಎರಡನೇ ವರ್ಷದಿಂದ ಇನ್ನೂರರ ಆಚೆ ಈಚೆ.

ಎಲೆ ಒಣಗಿಸಿ ಅಂಟಿಸುವ ಪುಸ್ತಕ ಈ ತಿಂಗಳುಗಳಲ್ಲಿ ಬೇಡ, ಪತ್ರಿಕೆಯ ನಡುವೆಯೇ ಕೊಳೆಯುತ್ತದೆ. ಎಲೆಯುಜ್ಜು ಮಾಡಿಸಿ. ನರಗಳಿರುವ ಹಿಂಬದಿ ಮೇಲಾಗಿ ಎಲೆಯಿಟ್ಟು, ತೆಳು ಹಾಳೆ ಹೊದಿಸಿ, ಸುತ್ತಿದ ಕಾಗದ ಕಿತ್ತ ಮೇಣದ ಬಣ್ಣವನ್ನು ಅಡ್ಡ ಮಲಗಿಸಿ ಉಜ್ಜಬೇಕು. ತುದಿಯಿಂದ ಉಜ್ಜಿದರೆ ಹಾಳೆ ಹರಿಯುತ್ತದೆ. ಹಲಸು, ಆಲ ಚೆನ್ನಾಗಿ ಮೂಡುತ್ತವೆ, ಹುಣಸೆ ಮೂಡುವುದಿಲ್ಲ. ಕೆಳಗೆ ಹೆಸರು ಬರೆದರೆ ಅದೂ ಓದಿನ ಹಾಳೆಯೇ. ಹೆಸರುಕಾಳು ಮೊಳಕೆಯನ್ನೂ ಮಾಡಿಸಿದ್ದುಂಟು. ಬಟ್ಟೆ ಒದ್ದೆಯಿದ್ದರೆ ಸಾಕು, ನೀರು ನಿಂತರೆ ಕೊಳೆತು ನಾರುತ್ತದೆ. ಓದಿಗೆ ಅದರಿಂದ ಹೆಚ್ಚು ಬರಲಿಲ್ಲ, ಮಕ್ಕಳು ಕಾಳು ನೋಡುತ್ತಾರೆ, ಕಾರ್ಡು ನೋಡುವುದಿಲ್ಲ.

ಹಸ್ತ, ಚಿತ್ತೆ ಬಹುಪಾಲು ದಸರಾ ರಜೆಗೆ ಸಿಗುತ್ತವೆ. ಒಂದು ಎ4 ಹಾಳೆಯನ್ನು ಮೂರು ಸಲ ಮಡಿಚಿ, ನಡುವೆ ಸೀಳಿ ಮಾಡುವ ಎಂಟು ಪುಟದ ಕಿರುಪುಸ್ತಕವನ್ನು ಕೊಟ್ಟು ಕಳಿಸಿ: ನಾಲ್ಕು ಪುಟ ಓದಲು, ಮೂರು ಪುಟ ಖಾಲಿ, ಒಂದು ಮುಖಪುಟ. ಖಾಲಿ ಪುಟಕ್ಕೆ ಮನೆಯ ಹಿರಿಯರು ಹೇಳಿದ ಮಳೆ ಮಾತು ಬರೆದು ತರಬೇಕು. ರಜೆ ಮುಗಿದು ಬಂದಾಗ ಸ್ವಾತಿ ಹತ್ತಿರವಿರುತ್ತದೆ, ಆ ಹದಿನಾಲ್ಕು ದಿನಕ್ಕೆ ಬೇರೆ ಕಾರ್ಡು ಬರೆಯುವ ಕೆಲಸವೇ ಇಲ್ಲ. ಒಬ್ಬರ ಪುಸ್ತಕ ಇನ್ನೊಬ್ಬರು ಓದುತ್ತಾರೆ. ಸ್ವಾತಿ ಕಳೆದ ಮೇಲೆ ಕಾರ್ಡುಗಳನ್ನು ನೆರಳಲ್ಲಿ ಆರಿಸಿ, ಬೇವಿನ ಎಲೆಯ ಜೊತೆ ಡಬ್ಬಿಗೆ ಹಾಕಿ, ಮಳೆಯ ಹೆಸರು ಬರೆದ ಹನ್ನೊಂದು ಕಟ್ಟುಗಳಾಗಿಯೇ ಇಡಿ.