‘ಸನ್ ಟನಲ್ಸ್’ ಶಿಲ್ಪವನ್ನು ನೋಡುವ ಕ್ರಮ

ಅಮೆರಿಕದ ಯೂಟಾ ರಾಜ್ಯದ ವಾಯವ್ಯ ಮೂಲೆಯಲ್ಲಿ, ಜನರು ಬಿಟ್ಟುಹೋದ ಲೂಸಿನ್ ಎಂಬ ಹಳೆಯ ಊರಿನ ಸಮೀಪ, ಗ್ರೇಟ್ ಬೇಸಿನ್ ಮರುಭೂಮಿಯ ಬಯಲಿನಲ್ಲಿ ಕಾಂಕ್ರೀಟಿನ ನಾಲ್ಕು ದೊಡ್ಡ ಕೊಳವೆಗಳು ಅಡ್ಡಲಾಗಿ ಮಲಗಿವೆ. ಇದು ಕಲಾವಿದೆ ನ್ಯಾನ್ಸಿ ಹೋಲ್ಟ್ (1938–2014) 1973ರಿಂದ 1976ರವರೆಗೆ ದುಡಿದು ಪೂರ್ಣಗೊಳಿಸಿದ ‘ಸನ್ ಟನಲ್ಸ್’. ಅರ್ಧ ಗಂಟೆ ಸುತ್ತಾಡಿ ಚಿತ್ರ ತೆಗೆದುಕೊಂಡು ಮರಳುವವರಿಗೆ ಇದು ತನ್ನನ್ನು ತೆರೆದುಕೊಳ್ಳುವುದಿಲ್ಲ. ಇಲ್ಲಿ ಕಾಂಕ್ರೀಟಿನ ಮೂಲಕ ಬಯಲನ್ನೂ ಬೆಟ್ಟಸಾಲನ್ನೂ ಬಾನನ್ನೂ ನೋಡಬೇಕಾಗಿರುವುದರಿಂದ, ಭೇಟಿಯನ್ನು ಸೂರ್ಯನ ಲೆಕ್ಕಕ್ಕೆ ಹೊಂದಿಸಿಕೊಳ್ಳುವುದೇ ಮೊದಲ ಕೆಲಸ.

ಹೊರಡುವ ಮುನ್ನ ಕೃತಿಯ ವಿನ್ಯಾಸವನ್ನು ಮನಸ್ಸಿನಲ್ಲಿ ಬರೆದುಕೊಳ್ಳಿ. ಪ್ರತಿ ಕೊಳವೆಯ ಉದ್ದ 18 ಅಡಿ, ಒಳವ್ಯಾಸ 8 ಅಡಿ, ತೂಕ ಸುಮಾರು 22 ಟನ್. ನಾಲ್ಕೂ ಸೇರಿ ನೆಲದ ಮೇಲೆ ನಡು ಖಾಲಿಯಿರುವ ಗುಣಾಕಾರ ಚಿಹ್ನೆಯನ್ನು ರಚಿಸುತ್ತವೆ. ಮೂಲೆಯಿಂದ ಮೂಲೆಗೆ ಅಳೆದರೆ 86 ಅಡಿ. ಎದುರುಬದುರಾದ ಎರಡೆರಡು ಕೊಳವೆಗಳು ಒಂದೇ ನೇರದಲ್ಲಿವೆ. ಬೇಸಿಗೆಯ ಅಯನ ಸಂಕ್ರಾಂತಿಯಂದು, ಅಂದರೆ ವರ್ಷದ ಅತಿ ದೀರ್ಘ ಹಗಲಿನ ದಿನದಂದು (ಜೂನ್ 21ರ ಸುಮಾರಿಗೆ), ಸೂರ್ಯ ಈಶಾನ್ಯದಲ್ಲಿ ಹುಟ್ಟುವ ಬಿಂದುವಿಗೆ ಸರಿಯಾಗಿ ಎದುರು ದಿಕ್ಕಿನಲ್ಲೇ ಚಳಿಗಾಲದ ಸಂಕ್ರಾಂತಿಯ, ಅಂದರೆ ಅತಿ ಚಿಕ್ಕ ಹಗಲಿನ ದಿನದ (ಡಿಸೆಂಬರ್ 21ರ ಸುಮಾರಿನ), ಸೂರ್ಯ ಮುಳುಗುವುದರಿಂದ, ಒಂದು ಜೋಡಿ ಆ ಎರಡೂ ಗಳಿಗೆಗಳಿಗೆ ಸಾಕಾಗುತ್ತದೆ. ಬೇಸಿಗೆಯ ಅಸ್ತ ಮತ್ತು ಚಳಿಗಾಲದ ಉದಯ ಇನ್ನೊಂದು ಜೋಡಿಯ ಪಾಲು. ಇಷ್ಟು ಮಿತವಾದ ಸಾಧನದಿಂದ ವರ್ಷದ ನಾಲ್ಕು ಮೇರೆಗಳನ್ನು ಹಿಡಿದಿಟ್ಟಿರುವುದು ನನ್ನ ದೃಷ್ಟಿಯಲ್ಲಿ ಹೋಲ್ಟ್ ಅವರ ದೊಡ್ಡ ಸಾಧನೆ.

ಕರ್ನಾಟಕದ ಆಕಾಶಕ್ಕೆ ಒಗ್ಗಿದ ಕಣ್ಣಿಗೆ ಇಲ್ಲಿ ಒಂದು ತಿದ್ದುಪಡಿ ಬೇಕು. ಬೆಂಗಳೂರಿನಲ್ಲಿ ಜೂನ್ 21ರ ಸೂರ್ಯ ನೇರ ಪೂರ್ವದಿಂದ ಉತ್ತರಕ್ಕೆ ಸುಮಾರು 24 ಡಿಗ್ರಿ ಸರಿದು ಹುಟ್ಟಿದರೆ, 41 ಡಿಗ್ರಿ ಅಕ್ಷಾಂಶವನ್ನು ದಾಟಿದ ಈ ಬಯಲಿನಲ್ಲಿ ಸುಮಾರು 32 ಡಿಗ್ರಿ ಸರಿದಿರುತ್ತಾನೆ. ಊರಿನ ಅಂದಾಜಿನಲ್ಲಿ ಪೂರ್ವವನ್ನು ಹುಡುಕುವ ಬದಲು ಕೊಳವೆ ತೋರಿಸುವ ದಿಕ್ಕನ್ನೇ ನಂಬಿ.

ಜೂನ್ 21 ಅಥವಾ ಡಿಸೆಂಬರ್ 21ರಂದೇ ಹೋಗಬೇಕೆಂಬ ಹಟ ಬೇಡ. ಆ ದಿನಗಳಲ್ಲಿ ಜನ ಸೇರುತ್ತಾರೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಸೂರ್ಯ ಹುಟ್ಟುವ ಜಾಗ ಬಹಳ ನಿಧಾನವಾಗಿ ಬದಲಾಗುತ್ತದೆ: ಐದು ದಿನ ಹಿಂದೆ ಮುಂದೆ ಹೋದರೂ ಆಗುವ ವ್ಯತ್ಯಾಸ ಸೂರ್ಯಬಿಂಬದ ಅಗಲಕ್ಕಿಂತ ಬಹಳ ಕಡಿಮೆ. ಜೂನ್ ಕೊನೆಯಲ್ಲಿ ಸೂರ್ಯೋದಯ ಬೆಳಿಗ್ಗೆ 6 ಗಂಟೆಯ ಸುಮಾರಿಗೆ, ಅಸ್ತ ರಾತ್ರಿ 9 ದಾಟಿದ ಮೇಲೆ. ಡಿಸೆಂಬರಿನಲ್ಲಿ ಉದಯ 8ರ ಹೊತ್ತಿಗೆ, ಅಸ್ತ ಸಂಜೆ 5ರ ಹೊತ್ತಿಗೆ.

ಮಧ್ಯಾಹ್ನ ತಲುಪಿ ಮರುದಿನ ಬೆಳಿಗ್ಗೆಯವರೆಗಿನ ಬೆಳಕನ್ನು ನೋಡುವಂತೆ ಯೋಜಿಸುವುದು ಒಳ್ಳೆಯದು. ಮೊದಲು ದೂರದಿಂದ ಒಂದು ಸುತ್ತು ಬನ್ನಿ. ಕಾಂಕ್ರೀಟಿನ ಬಣ್ಣವೂ ಮೇಲ್ಮೈಯೂ ಸುತ್ತಲಿನ ಮಣ್ಣಿಗೆ ಹೊಂದಿಕೊಂಡಿರುವುದನ್ನು, ಬಿಸಿಲಿನ ಕೋನ ಬದಲಾದಂತೆ ಅವೆರಡೂ ಒಟ್ಟಿಗೇ ಬಣ್ಣ ತಿರುಗುವುದನ್ನು ಗಮನಿಸಿ. ಆಮೇಲೆ ಒಳಗೆ ಹೋಗಿ. ನೆಟ್ಟಗೆ ನಿಲ್ಲುವಷ್ಟು ಎತ್ತರವಿದೆ, ಬಿಸಿಲ ಕಾಲದಲ್ಲಿ ಹೊರಗಿಗಿಂತ ತಂಪೂ ಇರುತ್ತದೆ. ಎಲ್ಲಿ ನೋಡಿದರೂ ಕಣ್ಣು ನಿಲ್ಲದಿದ್ದ ಬಯಲು ಈಗ ವೃತ್ತದೊಳಗೆ ಬಂದು, ದೂರದ ಬೆಟ್ಟಗಳಿಗೆ ಅಳತೆ ದೊರಕುತ್ತದೆ. ಕೊಳವೆಯ ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ನಡೆದು, ಚೌಕಟ್ಟಿನಲ್ಲಿ ನೆಲ ಎಷ್ಟು, ಬಾನು ಎಷ್ಟು ಎಂಬುದು ಹೆಜ್ಜೆಹೆಜ್ಜೆಗೂ ಬದಲಾಗುವುದನ್ನು ನೋಡಿ.

ಈಗ ಗೋಡೆಯ ಮೇಲ್ಭಾಗದ ರಂಧ್ರಗಳ ಕಡೆಗೆ ತಿರುಗಿ. ಒಂದೊಂದು ಕೊಳವೆಯಲ್ಲಿ ಒಂದೊಂದು ನಕ್ಷತ್ರಪುಂಜದ ಆಕಾರದಲ್ಲಿ ಅವನ್ನು ಕೊರೆಯಲಾಗಿದೆ: ಡ್ರೇಕೊ, ಪರ್ಸಿಯಸ್, ಕೊಲಂಬಾ ಮತ್ತು ಮಕರ. ರಂಧ್ರಗಳ ವ್ಯಾಸ 7ರಿಂದ 10 ಇಂಚು. ಪ್ರಖರ ನಕ್ಷತ್ರಕ್ಕೆ ದೊಡ್ಡ ರಂಧ್ರ, ಮಂಕಾದುದಕ್ಕೆ ಚಿಕ್ಕದು. ರಾತ್ರಿ ಇವುಗಳ ಮೂಲಕ ಅದೇ ನಕ್ಷತ್ರಗಳು ಕಾಣುತ್ತವೆ ಎಂದು ತಿಳಿಯಬಾರದು. ಹಗಲಿನಲ್ಲಿ ಸೂರ್ಯನ ಬೆಳಕು ಇವುಗಳ ಮೂಲಕ ಇಳಿದು ಒಳಗಿನ ಬಾಗಿದ ನೆಲದ ಮೇಲೆ ನಕ್ಷತ್ರಗಳನ್ನು ಹರಡುತ್ತದೆ, ಅಂದರೆ ಆಕಾಶವೇ ಕಾಲ ಕೆಳಗೆ ಬರುತ್ತದೆ. ಒಂದು ಬೆಳಕಿನ ಬಿಲ್ಲೆಯ ಅಂಚಿನಲ್ಲಿ ಸಣ್ಣ ಕಲ್ಲನ್ನಿಟ್ಟು ಕಾಲು ಗಂಟೆ ಕಾಯ್ದರೆ, ಬಿಲ್ಲೆ ಸರಿದು ಅಂಡಾಕಾರಕ್ಕೆ ಎಳೆದುಕೊಳ್ಳುವುದು ತಾನಾಗಿ ತಿಳಿಯುತ್ತದೆ. ಆ ಕಲ್ಲನ್ನು ಮರಳಿ ಹೊರಗಿಡಿ.

ಜೂನ್ ಸಂಕ್ರಾಂತಿಯ ಉದಯಕ್ಕೆ ನೈರುತ್ಯದ ಕೊಳವೆಯ ಹೊರತುದಿಯಲ್ಲಿ ನಿಂತು ಈಶಾನ್ಯಕ್ಕೆ ನೋಡಬೇಕು. ಎರಡು ಕೊಳವೆಗಳು ಒಂದರೊಳಗೊಂದು ಎಂಬಂತೆ ಕಂಡು, ನಡುವೆ ಸೂರ್ಯ ಬರುತ್ತಾನೆ. ಎರಡೂ ಕೊಳವೆ ಸೇರಿ ಕಾಣುವ ಕಿಂಡಿ ಐದು ಡಿಗ್ರಿಗಿಂತ ಸ್ವಲ್ಪ ಹೆಚ್ಚಷ್ಟೇ ಇರುವುದರಿಂದ ಮೊದಲೇ ಜಾಗ ಹಿಡಿದು ನಿಲ್ಲಿ. ಕಿರಣಗಳು ಪ್ರಖರವಾದ ಕೂಡಲೇ ಕಣ್ಣನ್ನು ಸೂರ್ಯನಿಂದ ಗೋಡೆಗೆ ಹೊರಳಿಸಿ; ಕ್ಯಾಮೆರಾದ ಕಿಂಡಿಯಿಂದಂತೂ ನೇರವಾಗಿ ನೋಡಲೇಬೇಡಿ.

ಸಂಕ್ರಾಂತಿಗೆ ಹೋಗಲಾಗದವರು ಹುಣ್ಣಿಮೆಯನ್ನು ಆರಿಸಿಕೊಳ್ಳಬಹುದು, ಏಕೆಂದರೆ ಚಂದ್ರನ ಬೆಳಕೂ ರಂಧ್ರಗಳಿಂದ ಇಳಿಯುತ್ತದೆ. ಡಿಸೆಂಬರಿನ ಹುಣ್ಣಿಮೆಯ ಚಂದ್ರ ಹೆಚ್ಚುಕಡಿಮೆ ಜೂನ್ ಸೂರ್ಯನ ಜಾಗದಲ್ಲೇ ಹುಟ್ಟುತ್ತಾನೆ. ಎರಡೂ ಕೊಳವೆಗಳ ನೇರಕ್ಕೆ ಸಿಗದಿದ್ದರೂ, ಈಶಾನ್ಯದ ಒಂದೇ ಕೊಳವೆಯ ಒಳತುದಿಯಲ್ಲಿ ನಿಂತವರಿಗೆ ಸಿಗುತ್ತಾನೆ.

ಸಿದ್ಧತೆಯ ವಿಷಯದಲ್ಲಿ ಉದಾಸೀನ ಸಲ್ಲದು. ಸಾಲ್ಟ್ ಲೇಕ್ ಸಿಟಿಯಿಂದ ಕಾರಿನಲ್ಲಿ ಸುಮಾರು 4 ಗಂಟೆಯ ದಾರಿ. ಕೊನೆಯ ಭಾಗ ಮಣ್ಣಿನ ರಸ್ತೆ, ಮಳೆ ಅಥವಾ ಹಿಮ ಬಿದ್ದರೆ ಪ್ರಯಾಣವನ್ನೇ ಮುಂದೂಡಿ. ಸ್ಥಳದಲ್ಲಿ ನೀರು, ಶೌಚಾಲಯ ಇಲ್ಲ, ಕೊಳವೆಗಳ ಹೊರತು ನೆರಳೂ ಇಲ್ಲ. ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಇಂಧನವನ್ನು ವೆಂಡೋವರಿನಂತಹ ಊರಿನಲ್ಲಿ ತುಂಬಿಸಿಕೊಳ್ಳಿ. ಕೃತಿಯನ್ನು 2018ರಿಂದ ನೋಡಿಕೊಳ್ಳುತ್ತಿರುವ ಡಿಯಾ ಆರ್ಟ್ ಫೌಂಡೇಶನ್ನಿನ ಅಂದಿನ ಸೂಚನೆಗಳನ್ನು ಹೊರಡುವ ವಾರದಲ್ಲಿ ಓದಿಕೊಳ್ಳಿ. ಕೊಳವೆಗಳ ಮೇಲೆ ಹತ್ತಬೇಡಿ, ಗೋಡೆಯ ಮೇಲೆ ಏನನ್ನೂ ಗೀಚಬೇಡಿ, ತಂದ ಕಸವನ್ನೆಲ್ಲ ಕಾರಿನಲ್ಲೇ ಹಿಂದಕ್ಕೆ ಒಯ್ಯಿರಿ.