ನಡುಬಾಗಿಲಿನ ಆಚೆ ಯಾರಿದ್ದಾರೆ? ಕ್ರೂಸ್ ಹಡಗಿನಲ್ಲಿ ಸದ್ದು ಕಡಿಮೆಯಿರುವ ಕ್ಯಾಬಿನ್ ಆರಿಸುವುದು ಹೇಗೆ

ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ಒಂದಿಷ್ಟು ದುಡ್ಡೂ ಬಿಡುವೂ ಕೂಡಿದಾಗ ಮನೆಮಂದಿಯನ್ನೆಲ್ಲ ಕರೆದುಕೊಂಡು ಊರು ಸುತ್ತಲು ಹೊರಡುವವರು ಶಿರಸಿ, ಸಿದ್ದಾಪುರದ ಕಡೆ ಬಹಳ. ಹೋಗುವ ಜಾಗಗಳ ಪಟ್ಟಿಗೆ ಈಗ ಕ್ರೂಸ್ ಹಡಗೂ ಸೇರಿದೆ. ಕಾರವಾರದವರಿಗಂತೂ ಬಂದರು ದೂರವಲ್ಲ. ರೈಲು ಹತ್ತಿದರೆ ಗಂಟೆಯ ಆಸುಪಾಸಿನಲ್ಲಿ ಮಡಗಾಂವ್, ಅಲ್ಲಿಂದ ಮುಂದೆ ಮುರ್ಗಾಂವ್. ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಒಂದೇ ಕ್ಯಾಬಿನ್‌ನಲ್ಲಿ ಹಿಡಿಯುವುದಿಲ್ಲವಾದ್ದರಿಂದ ಏಜೆಂಟರು ‘ಕನೆಕ್ಟಿಂಗ್ ಕ್ಯಾಬಿನ್’ ಎಂಬ ಎರಡು ಕೋಣೆಗಳ ಜೋಡಿಯನ್ನು ಮುಂದಿಡುತ್ತಾರೆ. ನಡುವಿನ ಗೋಡೆಯಲ್ಲಿ ಒಂದು ಬಾಗಿಲು. ತೆರೆದರೆ ಎರಡೂ ಕೋಣೆ ಒಂದು ಮನೆ.

ಎರಡೂ ಕೋಣೆ ನಿಮ್ಮದಾದರೆ ಇದಕ್ಕಿಂತ ಅನುಕೂಲ ಬೇರೊಂದಿಲ್ಲ. ಆದರೆ ಜೋಡಿಯಲ್ಲಿ ಒಂದು ಮಾತ್ರ ನಿಮ್ಮ ಪಾಲಿಗೆ ಬಂದು, ಬಾಗಿಲಿನ ಆಚೆ ಅಪರಿಚಿತ ಕುಟುಂಬ ಇದ್ದರೆ ಅವರ ಟಿವಿ, ಅವರ ಕೆಮ್ಮು, ಬೆಳಗಿನ ಆರು ಗಂಟೆಗೆ ಅವರ ಮಗುವಿನ ಹಠ ಎಲ್ಲವೂ ನಿಮ್ಮ ಮಂಚದ ಪಕ್ಕಕ್ಕೇ ಬರುತ್ತವೆ. ಇದನ್ನು ತಪ್ಪಿಸುವ ಕೆಲಸದ ಮುಕ್ಕಾಲು ಪಾಲು ನಡೆಯಬೇಕಾದದ್ದು ಹಡಗಿನಲ್ಲಲ್ಲ, ಟಿಕೆಟ್ ಕಾಯ್ದಿರಿಸುವ ಮೊದಲು, ಮನೆಯಲ್ಲೇ ಕುಳಿತು.

ಮೊದಲ ಹೆಜ್ಜೆ: ಸದ್ದು ಬರುವ ದಾರಿ ತಿಳಿದುಕೊಳ್ಳಿ

ಹಡಗಿನ ಕ್ಯಾಬಿನ್‌ಗೆ ನಮ್ಮ ಮನೆಗಳಂತೆ ಚಿರೇಕಲ್ಲಿನ ಗೋಡೆ ಇರುವುದಿಲ್ಲ. ಎರಡು ತೆಳು ಉಕ್ಕಿನ ಹಾಳೆಗಳ ನಡುವೆ ಖನಿಜ ಉಣ್ಣೆ ತುಂಬಿದ ಫಲಕಗಳೇ ಅಲ್ಲಿ ಗೋಡೆ. ಭಾರ ಕಡಿಮೆ, ಬೆಂಕಿಗೆ ಬಗ್ಗುವುದಿಲ್ಲ, ಸದ್ದನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಎಷ್ಟು ತಡೆಯಬೇಕು ಎಂಬುದಕ್ಕೆ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಶಬ್ದ ಸಂಹಿತೆ ಇದೆ. 2012ರಲ್ಲಿ ಅಂಗೀಕಾರವಾಗಿ 2014ರ ಜುಲೈ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಕ್ಯಾಬಿನ್‌ನಿಂದ ಕ್ಯಾಬಿನ್‌ಗೆ ಇರುವ ಗೋಡೆಯ ಶಬ್ದನಿರೋಧಕ ಅಂಕ ಕನಿಷ್ಠ 35 ಡೆಸಿಬೆಲ್ ಇರಬೇಕು. ಅದೇ ಗೋಡೆಯಲ್ಲಿ ನಡುಬಾಗಿಲು ಇದ್ದರೆ 30 ಸಾಕು. ಅಂದರೆ ಬಾಗಿಲಿರುವ ಗೋಡೆ ದುರ್ಬಲ ಎಂಬುದನ್ನು ನಿಯಮವೇ ಒಪ್ಪಿಕೊಂಡಿದೆ. ಇನ್ನೊಂದು ಸಂಗತಿಯನ್ನು ಏಜೆಂಟರು ಹೇಳುವುದಿಲ್ಲ: ಈ ಸಂಹಿತೆ ಬರೆದಿರುವುದು ಮುಖ್ಯವಾಗಿ ಸಿಬ್ಬಂದಿಯ ಕಿವಿಯನ್ನು ಕಾಪಾಡಲು. ಪ್ರಯಾಣಿಕರ ಕ್ಯಾಬಿನ್‌ಗಳಿಗೆ ಅದು ಅನ್ವಯಿಸುವುದಿಲ್ಲ. ಅಲ್ಲಿ ಹಡಗು ಕಂಪನಿ ಕಟ್ಟಿಸುವಾಗ ಎಷ್ಟು ಮುತುವರ್ಜಿ ವಹಿಸಿತೋ ಅಷ್ಟೇ ನಿಮ್ಮ ನಿದ್ದೆ.

ಐದು ಡೆಸಿಬೆಲ್ ಎಂದರೆ ಏನು ಮಹಾ ಎನ್ನಿಸಬಹುದು. ಡೆಸಿಬೆಲ್ ಲೆಕ್ಕ ಸಾಮಾನ್ಯ ಕೂಡು-ಕಳೆಯುವ ಲೆಕ್ಕವಲ್ಲ. ಹತ್ತು ಹೆಚ್ಚಾದರೆ ಕಿವಿಗೆ ಸದ್ದು ಸುಮಾರು ಎರಡರಷ್ಟಾಗಿ ಕೇಳುತ್ತದೆ. ಐದರ ವ್ಯತ್ಯಾಸವೂ ಮಲಗಿದವನಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಅದು ಕೈಬಿಟ್ಟು ಹೋಗುವುದು ಬಹುಪಾಲು ಬಾಗಿಲಿನ ಹಲಗೆಯಿಂದಲ್ಲ, ಅದರ ಕೆಳಗಿನ ಸಂದಿಯಿಂದ. ಹನ್ನೆರಡು ಚದರ ಮೀಟರ್ ಗೋಡೆಯಲ್ಲಿ ಎಪ್ಪತ್ತು ಸೆಂಟಿಮೀಟರ್ ಅಗಲದ ಬಾಗಿಲು, ಅದರಡಿ ಒಂದು ಸೆಂಟಿಮೀಟರ್ ಸಂದು ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಆ ಸಂದೊಂದೇ 35ರ ಗೋಡೆಯನ್ನು 30ರ ಹತ್ತಿರಕ್ಕೆ ಇಳಿಸುತ್ತದೆ. ಸೊಳ್ಳೆಪರದೆಗೆ ಒಂದೇ ತೂತಿದ್ದರೂ ಸೊಳ್ಳೆಗೆ ಸಾಕಲ್ಲವೇ, ಹಾಗೆ. ಈ ಲೆಕ್ಕ ನೆನಪಿರಲಿ, ರಾತ್ರಿಯ ಉಪಾಯ ಇದರ ಮೇಲೆಯೇ ನಿಂತಿದೆ.

ಮಾಮೂಲಿ ಮಾತುಕತೆ ಸುಮಾರು 60 ಡೆಸಿಬೆಲ್. ಮೂವತ್ತನ್ನು ಗೋಡೆ ನುಂಗಿದರೆ ಈಚೆಗೆ ಉಳಿಯುವುದು ಮೂವತ್ತು. ಕ್ಯಾಬಿನ್‌ನ ಎ.ಸಿ. ಗಾಳಿಯ ಸದ್ದು ಅದಕ್ಕಿಂತ ಜೋರಾಗಿದ್ದರೆ ಪಕ್ಕದವರ ಮಾತು ಅದರಲ್ಲಿ ಮುಳುಗಿಹೋಗುತ್ತದೆ. ಹೊಸ ಹಡಗು, ನಿಶ್ಶಬ್ದ ಎಂಜಿನ್, ಮೆಲ್ಲನೆಯ ಎ.ಸಿ. ಎಂದು ಹೊಗಳುವ ಕಡೆಯೇ ನೆರೆಯವರ ಮಾತು ಅಕ್ಷರ ಅಕ್ಷರವಾಗಿ ಕೇಳಿಸುವುದು ಇದೇ ಕಾರಣಕ್ಕೆ. ಕಾರವಾರದ ಬೈತಖೋಲದ ದಕ್ಕೆಯ ಪಕ್ಕ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಬೋಟಿನ ಎಂಜಿನ್ ರಾತ್ರಿಯಿಡೀ ಗುಡುಗಿದರೂ ನಿದ್ದೆ ಕೆಡುವುದಿಲ್ಲ, ಆದರೆ ಕಿಟಕಿಯ ಹೊರಗೆ ಇಬ್ಬರು ಪಿಸುಗುಟ್ಟಿದರೆ ಎಚ್ಚರವಾಗುತ್ತದೆ. ಒಂದೇ ಸಮನೆ ಇರುವ ಸದ್ದಿಗೆ ಕಿವಿ ಒಗ್ಗುತ್ತದೆ, ಅರ್ಥವಾಗುವ ಮಾತಿಗೆ ಒಗ್ಗುವುದಿಲ್ಲ.

ಉಕ್ಕಿನೊಳಗೆ ಸದ್ದು ಹೇಗೆ ಓಡುತ್ತದೆ ಎಂದು ನೋಡುವ ಕುತೂಹಲವಿದ್ದರೆ ಹಡಗಿಗೆ ಕಾಯಬೇಕಿಲ್ಲ. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ ಕ್ಷಿಪಣಿ ನೌಕೆಯ ಒಳಗೆ ಹೋಗಿ. ಒಬ್ಬರು ಗೋಡೆಗೆ ಬೆರಳ ಗೆಣ್ಣಿನಿಂದ ಬಡಿಯಲಿ, ಇನ್ನೊಬ್ಬರು ಒಂದಷ್ಟು ದೂರದಲ್ಲಿ ಅದೇ ಗೋಡೆಗೆ ಕಿವಿ ಇಡಲಿ. ಮಾತು ಗಾಳಿಯಲ್ಲಿ ಬರುತ್ತದೆ. ಎಳೆದ ಕುರ್ಚಿ, ಬಡಿದ ಬಾಗಿಲು, ಬಿದ್ದ ಪಾತ್ರೆಯ ಸದ್ದು ಉಕ್ಕಿನಲ್ಲೇ ಬರುತ್ತದೆ. ಎರಡನೆಯದಕ್ಕೆ ಬಾಗಿಲ ಸಂದಿ ಮುಚ್ಚಿ ಪ್ರಯೋಜನವಿಲ್ಲ. ಅದಕ್ಕೆ ಮದ್ದು ಜಾಗದ ಆಯ್ಕೆ ಮಾತ್ರ.

ಎರಡನೆಯದು: ಡೆಕ್ ನಕ್ಷೆ ಓದಿ

ಪ್ರತಿ ಹಡಗಿನ ಡೆಕ್ ನಕ್ಷೆ, ಅಂದರೆ ಒಂದೊಂದು ಅಂತಸ್ತಿನ ನಕ್ಷೆ, ಕಂಪನಿಯ ಜಾಲತಾಣದಲ್ಲಿ ಸಿಗುತ್ತದೆ. ಮೊಬೈಲ್‌ನಲ್ಲಿ ನೋಡಿದರೆ ಗೆರೆಗಳು ಕಲಸಿಹೋಗುತ್ತವೆ, ಕಂಪ್ಯೂಟರ್‌ನಲ್ಲಿ ತೆರೆಯಿರಿ ಅಥವಾ ಮುದ್ರಿಸಿಕೊಳ್ಳಿ. ಮೂಲೆಯಲ್ಲಿ ಚಿಹ್ನೆಗಳ ವಿವರಣೆ ಇರುತ್ತದೆ. ನಡುಬಾಗಿಲನ್ನು ಒಂದು ಕಂಪನಿ ಇಮ್ಮುಖ ಬಾಣದಿಂದ ತೋರಿಸಿದರೆ ಇನ್ನೊಂದು ತ್ರಿಕೋನದಿಂದ ತೋರಿಸುತ್ತದೆ. ಆ ಚಿಹ್ನೆ ಯಾವುದೆಂದು ಗುರುತಿಸಿಕೊಂಡು, ನಿಮಗೆ ಹೇಳಿದ ಕ್ಯಾಬಿನ್ ಸಂಖ್ಯೆಯ ಎಡಬಲದ ಗೋಡೆಗಳನ್ನು ನೋಡಿ. ಕೆಲವು ಹಡಗುಗಳಲ್ಲಿ ಒಂದೇ ಕ್ಯಾಬಿನ್‌ಗೆ ಎರಡೂ ಬದಿಯಲ್ಲಿ ನಡುಬಾಗಿಲು ಇರುವುದುಂಟು. ಅಂಥದ್ದನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ನಾನಾದರೆ ಎರಡು ಸಲ ಯೋಚಿಸುತ್ತೇನೆ.

ಸಂಖ್ಯೆ ನೋಡುವಾಗ ಒಂದು ಎಡವಟ್ಟು ಸಾಮಾನ್ಯ. ಬಹಳಷ್ಟು ಹಡಗುಗಳಲ್ಲಿ ಸಮಸಂಖ್ಯೆ ಒಂದು ಬದಿಗೆ, ಬೆಸಸಂಖ್ಯೆ ಇನ್ನೊಂದು ಬದಿಗೆ. ಹಾಗಾಗಿ 8042ರ ಪಕ್ಕದ ಕ್ಯಾಬಿನ್ 8044 ಆಗಿರುತ್ತದೆ. 8043 ಹಡಗಿನ ಆಚೆ ಮಗ್ಗುಲಲ್ಲಿರುತ್ತದೆ. ‘ಒಂದರ ಪಕ್ಕ ಒಂದು ಕೊಟ್ಟಿದ್ದೇನೆ’ ಎಂಬ ಏಜೆಂಟರ ಮಾತನ್ನೂ ನಕ್ಷೆಗೆ ಹಿಡಿದು ನೋಡಿ. ಪಕ್ಕಪಕ್ಕದ ಕ್ಯಾಬಿನ್ ಬೇರೆ, ನಡುಬಾಗಿಲಿನ ಕ್ಯಾಬಿನ್ ಬೇರೆ. ಮೊದಲನೆಯದರಲ್ಲಿ ಮೊಮ್ಮಗಳು ಅಜ್ಜಿಯ ಬಳಿ ಹೋಗಬೇಕಾದರೆ ಪ್ರತಿ ಸಲವೂ ಕಾರಿಡಾರ್‌ಗೆ ಬರಬೇಕು.

ನಂತರ ಮೇಲಿನ ಮತ್ತು ಕೆಳಗಿನ ಡೆಕ್‌ಗಳ ನಕ್ಷೆಯನ್ನು ನಿಮ್ಮ ಡೆಕ್ಕಿನ ಮೇಲಿಟ್ಟು ಹೋಲಿಸಿ. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇದ್ದರೆ ಉತ್ತಮ. ಮೇಲೆ ಈಜುಕೊಳವಿದ್ದರೆ ಬೆಳಿಗ್ಗೆ ಬೇಗ ಕುರ್ಚಿ ಎಳೆಯುವ ಸದ್ದು ಗ್ಯಾರಂಟಿ. ಕೆಳಗೆ ರಂಗಮಂದಿರವೋ ಡಿಸ್ಕೋ ಇರುವ ಹಾಲೋ ಇದ್ದರೆ ಮಧ್ಯರಾತ್ರಿಯವರೆಗೆ ಡ್ರಮ್ಮಿನ ತಳಸದ್ದು. ಲಿಫ್ಟಿನ ಎದುರು ಜನ ನಿಂತು ಹರಟುತ್ತಾರೆ. ಕೆಳ ಡೆಕ್ಕಿನ ಹಿಂಭಾಗದಲ್ಲಿ ಎಂಜಿನ್ ಮತ್ತು ಪ್ರೊಪೆಲರ್ ನಡುಕ. ಮೂತಿಯ ಕಡೆ, ಕೆಳಗೆ, ಹಡಗನ್ನು ಅಡ್ಡಕ್ಕೆ ತಳ್ಳುವ ಥ್ರಸ್ಟರ್‌ಗಳಿರುತ್ತವೆ. ದಕ್ಕೆಗೆ ಹತ್ತುವಾಗ, ಅಂದರೆ ಬಹುತೇಕ ಬೆಳಗಿನ ಜಾವ, ಅವು ಚಾಲೂ ಆದರೆ ಮಂಚವೇ ಅದುರುತ್ತದೆ. ಹಡಗಿನ ನಡುಮಧ್ಯ, ನಡುಬಾಗಿಲಿಲ್ಲದ್ದು, ಎರಡು ಕ್ಯಾಬಿನ್ ಡೆಕ್‌ಗಳ ಮಧ್ಯೆ ಸಿಕ್ಕಿಕೊಂಡದ್ದು: ಈ ಮೂರೂ ಕೂಡಿದರೆ ಬೆಲೆಯಲ್ಲಿ ಸ್ವಲ್ಪ ಹೆಚ್ಚಾದರೂ ಹಿಡಿಯಿರಿ. ಅಲ್ಲಿ ಓಲಾಟವೂ ಕಡಿಮೆ, ಘಟ್ಟ ಇಳಿಯುವಾಗಲೇ ತಲೆ ತಿರುಗುವವರಿಗೆ ಅದು ಹೆಚ್ಚುವರಿ ಲಾಭ.

ಕಾಯ್ದಿರಿಸುವಾಗ ಕೇಳಬೇಕಾದದ್ದು

‘ಗ್ಯಾರಂಟಿ ಕ್ಯಾಬಿನ್’ ಎಂಬ ಅಗ್ಗದ ದರ ಕಂಡರೆ ಜೋಪಾನ. ಅಲ್ಲಿ ಗ್ಯಾರಂಟಿ ಇರುವುದು ಕ್ಯಾಬಿನ್‌ನ ದರ್ಜೆಗೆ ಮಾತ್ರ. ಸಂಖ್ಯೆಯನ್ನು ಕಂಪನಿ ತನಗೆ ಬೇಕಾದಂತೆ ಕೊಡುತ್ತದೆ. ಉಳಿದವರು ನಕ್ಷೆ ನೋಡಿ ಬೇಡವೆಂದ ಕ್ಯಾಬಿನ್‌ಗಳು ಕೊನೆಗೆ ಯಾರಿಗೆ ಹೋಗುತ್ತವೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ನಿದ್ದೆ ಸೂಕ್ಷ್ಮವಿರುವವರು ಇಲ್ಲಿ ಉಳಿತಾಯ ಮಾಡಬಾರದು.

ಏಜೆಂಟರಿಗೆ ಬರೆದು ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆಯಿರಿ: ಈ ಕ್ಯಾಬಿನ್‌ಗೆ ನಡುಬಾಗಿಲು ಇದೆಯೇ? ಇದ್ದರೆ ಒಂದೇ ಬಾಗಿಲೋ, ಎರಡೂ ಕಡೆಯಿಂದ ಒಂದೊಂದು ಬಾಗಿಲೋ? ಎರಡು ಬಾಗಿಲುಗಳ ನಡುವೆ ಗಾಳಿಯ ಜಾಗ ಇರುವ ಹಡಗಿನಲ್ಲಿ ಸದ್ದು ಗಣನೀಯವಾಗಿ ತಗ್ಗುತ್ತದೆ. ಮಂಚದ ತಲೆದೆಸೆ ಯಾವ ಗೋಡೆಗೆ? ಹಲವು ಹಡಗುಗಳಲ್ಲಿ ನಡುಬಾಗಿಲು ಸೋಫಾ ಅಥವಾ ಮೇಜಿನ ಕಡೆ ಇರುತ್ತದೆ, ತಲೆದೆಸೆಯಲ್ಲಲ್ಲ. ಆಗ ಒಂದಿಷ್ಟು ನೆಮ್ಮದಿ.

ಕುಟುಂಬಕ್ಕಾಗಿ ಎರಡೂ ಕೋಣೆ ತೆಗೆದುಕೊಳ್ಳುವವರು ಎರಡು ಬುಕಿಂಗ್‌ಗಳನ್ನೂ ಒಂದಕ್ಕೊಂದು ಜೋಡಿಸಿ ದಾಖಲಿಸಲು ಹೇಳಿ. ನಂತರ ಒಂದನ್ನು ಮಾತ್ರ ‘ಅಪ್‌ಗ್ರೇಡ್’ ಮಾಡುವ ಕರೆ ಬಂದರೆ ಖುಷಿಯಲ್ಲಿ ಒಪ್ಪಿಬಿಡಬೇಡಿ. ಅಜ್ಜ ಅಜ್ಜಿ ಮೇಲಿನ ಡೆಕ್ಕಿಗೆ ಹೋಗಿ, ಅವರಿದ್ದ ಕೋಣೆಗೆ ಬ್ಯಾಚುಲರ್ ಪಾರ್ಟಿಯವರು ಬರಬಹುದು.

ಹತ್ತಿದ ಕೂಡಲೇ ಪರೀಕ್ಷೆ

ಕ್ಯಾಬಿನ್ ಸಿಕ್ಕ ಮೊದಲ ಗಂಟೆಯಲ್ಲಿ, ಊಟಕ್ಕೆ ಓಡುವ ಮೊದಲು, ಹತ್ತು ನಿಮಿಷ ಇದಕ್ಕೆ ಕೊಡಿ. ದೀಪ ಆರಿಸಿ, ಪರದೆ ಎಳೆದು, ನೆಲಕ್ಕೆ ಕುಳಿತು ನಡುಬಾಗಿಲಿನ ಅಡಿಯನ್ನು ನೋಡಿ. ಆಚೆ ಕೋಣೆಯ ಬೆಳಕು ಗೆರೆಯಾಗಿ ಕಂಡರೆ ಮಾತೂ ಅಲ್ಲಿಂದಲೇ ಬರುತ್ತದೆ. ಬಾಗಿಲಿನ ಅಂಚಿಗೆ ಬೆರಳು ಓಡಿಸಿ. ರಬ್ಬರ್ ಪಟ್ಟಿ ಇದೆಯೇ, ಹರಿದಿದೆಯೇ, ತಂಪು ಗಾಳಿ ತಾಗುತ್ತದೆಯೇ? ಹಿಡಿಯನ್ನು ಮೆಲ್ಲಗೆ ಅಲ್ಲಾಡಿಸಿ. ಬಾಗಿಲು ಚೌಕಟ್ಟಿನಲ್ಲಿ ಲಟಲಟ ಎಂದರೆ ಹಡಗು ಓಲಾಡುವ ರಾತ್ರಿ ಅದೇ ಸದ್ದು ಬೆಳಗಿನವರೆಗೆ. ಬೀಗ ಬಿದ್ದಿದೆಯೇ ಎಂಬುದನ್ನೂ ಆಗಲೇ ನೋಡಿ. ಇದು ನಿದ್ದೆಗಿಂತ ಭದ್ರತೆಯ ವಿಷಯ. ಬೀಗ ಇಲ್ಲದಿದ್ದರೆ ತಕ್ಷಣ ಕ್ಯಾಬಿನ್ ನೋಡಿಕೊಳ್ಳುವ ಸ್ಟುವರ್ಡ್‌ನನ್ನು ಕರೆಯಿರಿ.

ಮೊಬೈಲ್‌ನ ಶಬ್ದಮಾಪಕ ಆ್ಯಪ್ ಕರಾರುವಾಕ್ಕಲ್ಲವಾದರೂ ಹೋಲಿಕೆಗೆ ಸಾಕು. ದಿಂಬಿನ ಮೇಲಿಟ್ಟು ಎ.ಸಿ. ಚಾಲೂ ಇದ್ದಾಗ ಒಮ್ಮೆ, ಆರಿಸಿ ಒಮ್ಮೆ ನೋಡಿ. ಅಳತೆಗೋಲು ಬೇಕೆಂದರೆ: ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಹಡಗಿನ ಸಂಹಿತೆ 10,000 ಟನ್ನೇಜ್ ಮತ್ತು ಅದಕ್ಕಿಂತ ದೊಡ್ಡ ಹಡಗುಗಳ ಸಿಬ್ಬಂದಿ ಕ್ಯಾಬಿನ್‌ಗೆ ಇಟ್ಟಿರುವ ಮಿತಿ 55. ಆ್ಯಪ್ ತೋರಿಸುವ ಅಂಕಿ 45ರ ಕೆಳಗಿದ್ದರೆ ಹಡಗಿನ ಮಟ್ಟಿಗೆ ನೀವು ಪುಣ್ಯವಂತರು.

ರಾತ್ರಿಯ ಉಪಾಯ

ಮೊದಲು ಸಂದಿ. ಸ್ನಾನದ ಟವೆಲ್ಲನ್ನು ಉದ್ದಕ್ಕೆ ಬಿಗಿಯಾಗಿ ಸುತ್ತಿ ನಡುಬಾಗಿಲಿನ ಅಡಿಗೆ ಒತ್ತಿಡಿ. ಸಂದಿಯಿಂದ ಬರುವ ಮಾತಿಗೆ ಇದಕ್ಕಿಂತ ಸುಲಭದ ಮದ್ದಿಲ್ಲ. ಲಟಲಟ ಎನ್ನುವ ಬಾಗಿಲಿಗೆ ದಪ್ಪ ಕಾಗದವನ್ನು ಮಡಚಿ ಚೌಕಟ್ಟಿಗೆ ಸಿಕ್ಕಿಸಿ. ಆದರೆ ಕಾರಿಡಾರಿನ ಮುಖ್ಯ ಬಾಗಿಲಿಗೆ ಇಂಥದ್ದೇನೂ ಮಾಡಕೂಡದು, ಅದು ಬೆಂಕಿ ತಡೆಯುವ ಬಾಗಿಲು, ಹೊರಬೀಳುವ ದಾರಿಯೂ ಅದೇ. ಗಾಳಿಯ ಜಾಲರಿಗೂ ಏನನ್ನೂ ತುರುಕಬೇಡಿ.

ಆಮೇಲೆ ಮಾತನ್ನು ಮುಳುಗಿಸುವ ಕೆಲಸ. ಎ.ಸಿ. ಗಾಳಿಯನ್ನು ಒಂದು ಹಂತ ಹೆಚ್ಚಿಸಿ, ಅಥವಾ ಮೊಬೈಲ್‌ನಲ್ಲಿ ಮಳೆಯ ಸದ್ದು ಹಾಕಿ ನಡುಬಾಗಿಲು ಮತ್ತು ಮಂಚದ ನಡುವೆ ಇಡಿ. ಆಷಾಢದ ಮಳೆ ಹಂಚಿನ ಮೇಲೆ ಹೊಯ್ಯುವಾಗಲೇ ಗಾಢ ನಿದ್ದೆ ಮಾಡುವ ನಮ್ಮ ಕಡೆಯವರಿಗೆ ಇದು ಹಿಡಿಸದೇ ಇರದು. ಫ್ಯಾನ್‌ಗಾಗಿ ಎಕ್ಸ್‌ಟೆನ್ಷನ್ ಬೋರ್ಡ್ ಒಯ್ಯಬೇಡಿ, ಹಲವು ಕಂಪನಿಗಳು ಅದನ್ನು ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತವೆ.

ಇಯರ್‌ಪ್ಲಗ್ ಕೊನೆಯ ಅಸ್ತ್ರ. ಸ್ಪಂಜಿನಂಥದ್ದನ್ನು ಬೆರಳುಗಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿಹಿಡಿಯಬೇಕು. ಸುಮ್ಮನೆ ತುರುಕಿದರೆ ಅರ್ಧ ಫಲವೂ ಇಲ್ಲ. ಮಕ್ಕಳಿಗೆ ಬೇಡ. ತುರ್ತು ಸಂಕೇತ ಕೇಳದೇ ಹೋದೀತು ಎಂಬ ಭಯಕ್ಕೆ ಹೇಳುವುದಾದರೆ, ಕ್ಯಾಬಿನ್‌ನಲ್ಲಿ ಮಲಗುವ ಜಾಗಕ್ಕೆ ಅದು ಕನಿಷ್ಠ 75 ಡೆಸಿಬೆಲ್ ಮುಟ್ಟಬೇಕೆಂಬುದು ನಿಯಮ: ಏಳು ಅಥವಾ ಹೆಚ್ಚು ಗಿಡ್ಡ, ಕೊನೆಗೆ ಒಂದು ಉದ್ದ ಸಿಳ್ಳು. ಕಿವಿ ಮಂದವಿರುವ ಹಿರಿಯರು ಜೊತೆಗಿದ್ದರೆ ಒಬ್ಬರಾದರೂ ಪ್ಲಗ್ ಇಲ್ಲದೆ ಮಲಗಿ.

ಹೇಳಿಕೊಳ್ಳುವುದು ಯಾರಿಗೆ

ನಡುಬಾಗಿಲನ್ನು ಗುದ್ದುವುದು ಬೇಡ. ಆಚೆಯವರಿಗೆ ತಮ್ಮ ಮಾತು ಈಚೆಗೆ ಕೇಳುತ್ತಿದೆ ಎಂಬ ಅರಿವೇ ಹೆಚ್ಚಾಗಿ ಇರುವುದಿಲ್ಲ. ಹಗಲು ಕಾರಿಡಾರಿನಲ್ಲಿ ಸಿಕ್ಕಾಗ ನಗುಮುಖದಿಂದ ‘ನಮ್ಮ ಮಾತೂ ನಿಮಗೆ ಕೇಳುತ್ತಿರಬೇಕಲ್ಲವೇ’ ಎಂದು ಶುರುಮಾಡಿದರೆ ಬಹಳಷ್ಟು ಸಲ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಸದ್ದು ನಡೆಯುತ್ತಿರುವಾಗಲೇ ಸ್ವಾಗತ ಕೌಂಟರ್‌ಗೆ ಫೋನ್ ಮಾಡಿ. ಬೆಳಿಗ್ಗೆ ಹೇಳಿದರೆ ಅವರು ಕ್ಷಮೆಯನ್ನಷ್ಟೇ ಕೇಳಬಲ್ಲರು. ದಿನ, ಹೊತ್ತು, ಎಂಥ ಸದ್ದು ಎಂದು ಬರೆದಿಟ್ಟುಕೊಳ್ಳಿ. ಕ್ಯಾಬಿನ್ ಬದಲಿಸಲು ಕೇಳುವುದಾದರೆ ಮೊದಲ ರಾತ್ರಿ ಕಳೆದ ಕೂಡಲೇ ಕೇಳಿ. ಹಡಗು ಭರ್ತಿಯಿದ್ದರೆ ಸಿಗಲಿಕ್ಕಿಲ್ಲ, ಆದರೆ ಹತ್ತದೇ ಉಳಿದವರ ಕ್ಯಾಬಿನ್ ಖಾಲಿ ಇರುವುದುಂಟು.

ಕೊನೆಯ ರಾತ್ರಿಯ ಲೆಕ್ಕ ಬೇರೆ. ದೊಡ್ಡ ಹಡಗುಗಳಲ್ಲಿ ಪೆಟ್ಟಿಗೆಗಳನ್ನು ಹಿಂದಿನ ರಾತ್ರಿಯೇ ಕಾರಿಡಾರಿನಲ್ಲಿಡಲು ಹೇಳುತ್ತಾರೆ, ಅವನ್ನು ಉರುಳಿಸಿಕೊಂಡು ಹೋಗುವ ಸದ್ದು ಹೊತ್ತು ಮೀರಿ ನಡೆಯುತ್ತದೆ. ಬೆಳಗಿನ ಜಾವಕ್ಕೆ ಥ್ರಸ್ಟರ್. ಅಂದು ಬೇಗ ಊಟ ಮುಗಿಸಿ ಮಲಗಿ, ಮಡಗಾಂವ್‌ನಿಂದ ಹಿಂದಿರುಗುವ ರೈಲಿಗೆ ಮಧ್ಯಾಹ್ನದ್ದನ್ನೇ ಕಾಯ್ದಿರಿಸಿ.